ಕಿಕ್ ಹೊಡೆಯುವ ಕಾಲು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕಂಡಾಗ ಮೊದಲು ಕೇಳುವುದು, ‘ಮೇಡಂ, ನಿಮ್ಮ ಕಾಲದಲ್ಲಿ ಯಾವ ಮಷೀನು ಇತ್ತು?’ ಎಂದು. ಎಂಥ ರೋಗಿಗಳಿದ್ದರು ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ಕೂಡಿಸಿಕೊಂಡು ಒಂದು ಗಂಟೆ ಬೈದಾದರೂ ಹೇಳುತ್ತಿದ್ದೆ. ಕೇಳಲಿಲ್ಲವಾದ್ದರಿಂದ ಬರೆಯಬೇಕಾಗಿ ಬಂದಿದೆ.

ನಾನು ಗೋವಾದ ಒಂದು ಆಸ್ಪತ್ರೆಯ ರಕ್ತನಾಳ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡಿದವಳು. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ನನ್ನ ಜೊತೆ ಕೆಲಸ ಮಾಡಿದವರು ಇನ್ನೂ ಇದ್ದಾರೆ, ಹಬ್ಬಕ್ಕೆ ಸಿಹಿ ಕಳಿಸುತ್ತಾರೆ. ಧಾರವಾಡದಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿ, ಬಂದರಿನ ಕಚೇರಿಯಲ್ಲಿದ್ದವರನ್ನು ಮದುವೆಯಾಗಿ ವಾಸ್ಕೋಗೆ ಬಂದೆ. ಎಂಬತ್ತರ ದಶಕದ ಶುರುವಿನಲ್ಲಿ, ಭೌತಶಾಸ್ತ್ರ ಓದಿದವರು ಬೇಕು ಎಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಯಾವುದೋ ಪ್ರಯೋಗಶಾಲೆ ಇರಬೇಕು ಅಂದುಕೊಂಡಿದ್ದೆ. ಮೊದಲ ದಿನ ಹೋದರೆ ಒಂದು ಮಂಚ, ಒಂದು ಪರದೆ, ಮಂಚದ ಮೇಲೆ ಪಂಚೆ ಮೊಣಕಾಲಿಗೆ ಎತ್ತಿಕೊಂಡು ಮಲಗಿದ ಮುದುಕ. ಅಷ್ಟೇ ಪ್ರಯೋಗಶಾಲೆ. ಅಲ್ಲಿಂದ ನಿವೃತ್ತಿಯವರೆಗೆ ನಾನು ನೋಡಿದ್ದು ಹೆಚ್ಚಾಗಿ ಕಾಲುಗಳನ್ನೇ. ಬಡ್ತಿ ಯಾವಾಗ ಬಂತು, ಯಾರಿಂದ ತಪ್ಪಿತು ಎಂಬುದೆಲ್ಲ ನಮ್ಮ ಮನೆಯವರಿಗೆ ಬಾಯಿಪಾಠ ಇದೆ, ಬೇಕಾದವರು ಅವರನ್ನು ಕೇಳಬಹುದು.

ಮಷೀನಿನ ವಿಷಯ ಒಮ್ಮೆ ಹೇಳಿ ಮುಗಿಸುತ್ತೇನೆ. ದಪ್ಪ ಪೆನ್ನಿನಂಥ ಒಂದು ಸಾಧನ, ಅದಕ್ಕೊಂದು ತಂತಿ, ಕಿವಿಗೆ ಹಾಕಿಕೊಳ್ಳುವ ಒಂದು ಜೋಡಿ ಇಯರ್‌ಫೋನು. ಪೆನ್ನಿನ ತುದಿಯಿಂದ ಕಿವಿಗೆ ಕೇಳದ ಶಬ್ದ ಹೊರಟು, ಹರಿಯುವ ರಕ್ತಕ್ಕೆ ತಾಗಿ, ಕೇಳುವ ಶಬ್ದವಾಗಿ ವಾಪಸು ಬರುತ್ತಿತ್ತು. ಡಾಪ್ಲರ್ ಎಂದು ಅದರ ಹೆಸರು. ಆರೋಗ್ಯವಂತ ನಾಳ ಗಟ್ಟಿಯಾಗಿ, ಚುರುಕಾಗಿ ಬಡಿಯುತ್ತಿತ್ತು. ಕಟ್ಟಿಕೊಂಡ ನಾಳ ಉಬ್ಬಸದವನ ಹಾಗೆ ಎಳೆಯುತ್ತಿತ್ತು. ಅದರ ಜೊತೆಗೆ ಕಣಕಾಲಿಗೆ ಪಟ್ಟಿ ಕಟ್ಟಿ ಅಲ್ಲಿನ ರಕ್ತದೊತ್ತಡ ಅಳೆದು, ತೋಳಿನ ಒತ್ತಡದ ಜೊತೆ ಹೋಲಿಸುತ್ತಿದ್ದೆವು. ಕಾಲಿನದು ಕಡಿಮೆ ಬಂದರೆ ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ ಎಂದರ್ಥ.

ಪೆನ್ನಿಗೂ ಚರ್ಮಕ್ಕೂ ನಡುವೆ ಹಚ್ಚಲು ಒಂದು ಲೋಳೆ ಬೇಕು. ಅದು ಮುಗಿದಾಗಲೆಲ್ಲ ಉಗ್ರಾಣದವನಿಗೂ ನನಗೂ ಜಗಳ. ಒಂದು ಸಲ ಅವನು, ಜಾರಿದರೆ ಸಾಕಲ್ಲ ಎಂದು ತೆಂಗಿನೆಣ್ಣೆಯ ಡಬ್ಬಿ ಕಳಿಸಿದ. ಜಾರಿತು ನಿಜ. ಪೆನ್ನಿನ ಸಂದಿಗೆ ಎಣ್ಣೆ ಇಳಿದು ಆ ವಾರವಿಡೀ ಎಲ್ಲ ರೋಗಿಗಳ ರಕ್ತವೂ ಒಂದೇ ಥರ ಗೊರಗೊರ ಅಂದಿತು. ಮಂಚಕ್ಕೆ ಇರುವೆ ಬಂದವು. ದೂರು ಕೊಟ್ಟರೆ, ಇರುವೆ ನನ್ನ ಇಲಾಖೆ ಅಲ್ಲ ಎಂದು ಉತ್ತರ ಬಂತು.

ಅದಕ್ಕಿಂತ ತಲೆ ಕೆಡಿಸಿದ್ದು ವಾರ್ಡಿನಿಂದ ಬರುವ ಚೀಟಿಗಳು. ‘ಡಾಪ್ಲರ್ ಮಾಡಿ’ ಎಂದಷ್ಟೇ ಬರೆದಿರುತ್ತಿತ್ತು. ಯಾರಿಗೆ, ಎಲ್ಲಿ, ಯಾಕೆ ಎಂದು ನಾವೇ ಶಾಸ್ತ್ರ ಕೇಳಬೇಕು. ಒಂದು ದಿನ ಒಬ್ಬರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಚೀಟಿಯಲ್ಲಿ ‘ಎರಡೂ ಕಾಲು’ ಎಂದಿತ್ತು. ಹೊದಿಕೆ ಸರಿಸಿದರೆ ಎಡಗಾಲು ತೊಡೆಯಿಂದ ಕೆಳಗೆ ಇಲ್ಲ. ನಮ್ಮದೇ ಆಸ್ಪತ್ರೆಯಲ್ಲಿ ತೆಗೆದದ್ದು, ಹಿಂದಿನ ತಿಂಗಳು. ನಾನು ಚೀಟಿ ಹಿಡಿದು ವಾರ್ಡಿಗೆ ನಡೆದು ಹೋಗಿ, ಇನ್ನೊಂದು ಕಾಲು ಎಲ್ಲಿಟ್ಟಿದ್ದೀರಿ, ಕೊಡಿ, ಪರೀಕ್ಷೆ ಮಾಡುತ್ತೇನೆ ಎಂದು ಜೋರು ಮಾಡಿ ಬಂದೆ. ಆಮೇಲೆ ಆ ರೋಗಿಯನ್ನು ಅದೇ ಗಾಲಿಕುರ್ಚಿಯಲ್ಲಿ ವಾಪಸು ಕಳಿಸಿದೆವು. ಹೊರಗೆ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದವನೊಬ್ಬ ಅವರ ಖಾಲಿ ಪೈಜಾಮದ ಕಾಲನ್ನೇ ದಿಟ್ಟಿಸುತ್ತಿದ್ದ. ಅವನ ಹೆಸರು ಬಸಪ್ಪ. ಅವನ ಬಗ್ಗೆ ಹೇಳುವ ಮೊದಲು ನಮ್ಮ ಡಾಕ್ಟರ ಬಗ್ಗೆ ಹೇಳಬೇಕು. ಯಾಕೆಂದರೆ ನನ್ನ ಅರ್ಧ ಸಿಟ್ಟು ಅವರ ಪಾಲಿನದು.

ಡಾಕ್ಟರ್ ಕುಲಾಸೊ ನಮ್ಮ ವಿಭಾಗದ ಮುಖ್ಯಸ್ಥರು, ಶಸ್ತ್ರಚಿಕಿತ್ಸಕರು. ಮಡಗಾಂವದವರು, ಆದರೆ ಓದಿದ್ದು ಹುಬ್ಬಳ್ಳಿಯಲ್ಲಿ. ಹಾಗಾಗಿ ನನ್ನ ಜೊತೆ ಹುಬ್ಬಳ್ಳಿ ಕನ್ನಡವನ್ನೇ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಕೊಂಕಣಿ. ಮಹಾ ಓದುಗರು. ಓದಿದ್ದನ್ನು ನಮ್ಮ ತಲೆಗೆ ತುಂಬದೆ ಮನೆಗೆ ಬಿಡುತ್ತಿರಲಿಲ್ಲ. ವಾಸ್ಕೋದ ಕೊನೆಯ ಬಸ್ಸು ತಪ್ಪುತ್ತದೆ ಎಂದರೆ, ‘ಬಸ್ಸು ನಾಳೆನೂ ಬರ್ತೈತಿ’ ಅನ್ನುತ್ತಿದ್ದರು. ಇವತ್ತು ಮನೆಗೆ ಹೋಗುವುದು ಹೇಗೆ ಎಂದು ಕೇಳಿದರೆ ಪುಸ್ತಕದ ಇನ್ನೊಂದು ಪುಟ ತಿರುಗಿಸುತ್ತಿದ್ದರು.

ಜೂನಿನ ಒಂದು ಮಧ್ಯಾಹ್ನ ಧೋ ಎಂದು ಮಳೆ. ಡಾಕ್ಟರು ನನ್ನನ್ನೂ ಇಬ್ಬರು ಹೊಸ ವೈದ್ಯರನ್ನೂ ಕರೆದುಕೊಂಡು ಆಸ್ಪತ್ರೆಯ ಹಿಂದಿನ ಗಟಾರಕ್ಕೆ ಹೋದರು. ಅದು ಗೋಡೆಯ ಮೂಲೆಯಲ್ಲಿ ಎರಡು ಕವಲಾಗಿ ಒಡೆಯುತ್ತಿತ್ತು. ನನ್ನ ಸೀರೆಯ ನೆರಿಗೆ ಒದ್ದೆ, ಚಪ್ಪಲಿ ಕೆಸರು. ಅವರು ಕೊಡೆಯ ತುದಿಯಿಂದ ನೀರು ತೋರಿಸುತ್ತ, ‘ಹೇಳ್ರಿ, ಕಸ ಎಲ್ಲಿ ಕೂಡ್ರತೈತಿ?’ ಎಂದರು.

ನೀರು ಬಂದು ಬಡಿಯುವುದು ಎರಡು ಕವಲಿನ ನಡುವಿನ ಮೂಗಿಗೆ. ನಾವು ಮೂವರೂ ಅದನ್ನೇ ತೋರಿಸಿದೆವು.

‘ಬಗ್ಗಿ ನೋಡ್ರಿ. ಪಳೆ, ಪಳೆ,’ ನೋಡು, ನೋಡು ಎಂದು ಕೊಂಕಣಿಯಲ್ಲಿ ರೇಗಿದರು. ಬಗ್ಗಿದೆವು. ಮೂಗಿನ ಬದಿಯ ಸಿಮೆಂಟು ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಕಸ ಇದ್ದದ್ದು ಎದುರು ದಂಡೆಗೆ, ಕವಲು ಹೊರಳುವ ಹೊರಗೋಡೆಯ ಹತ್ತಿರ. ಅಲ್ಲಿ ನೀರು ನಿಧಾನವಾಗಿ, ಕೆಲವು ಕಡೆ ಹಿಂದಕ್ಕೇ ತಿರುಗಿ, ಸುತ್ತುತ್ತಿತ್ತು. ಮರಳು, ಎಲೆ, ಬೀಡಿ ತುಂಡು, ಎಲ್ಲ ಅಲ್ಲೇ ಕುಳಿತಿದ್ದವು.

‘ರಕ್ತ ಹರಿವಾಗ ಗೋಡಿನ್ನ ಉಜ್ಜಿಕೋಂತ ಹೋಗತೈತಿ. ಉಜ್ಜಿದ್ರ ಗೋಡಿ ಸವೀತೈತಿ ಅಂತ ನೀವು ತಿಳದೀರಿ. ಉಲ್ಟಾ. ಉಜ್ಜಿದ ಪಾತ್ರಿ ಲಕಲಕ ಅಂತೈತಿ. ಉಜ್ಜಲಾರದ ಪಾತ್ರಿಗೆ ಜಿಡ್ಡು ಹಿಡೀತೈತಿ. ನಾಳ ಎಲ್ಲಿ ಎರಡು ಆಗತೈತೋ, ಅದರ ಹೊರಗಿನ ಗೋಡಿ ನೋಡ್ರಿ. ಕುತ್ತಿಗ್ಯಾಗ ನೋಡ್ರಿ, ತೊಡಿ ಸಂದ್ಯಾಗ ನೋಡ್ರಿ. ಬ್ಯಾನಿ ಅಲ್ಲೆ ಇರತೈತಿ.’

ಇಷ್ಟನ್ನು ಒಳಗೆ ಫ್ಯಾನಿನ ಕೆಳಗೆ, ಕಾಗದದ ಮೇಲೆ ಬರೆದು ಹೇಳಬಹುದಿತ್ತು. ನನಗೆ ಒಂದು ವಾರ ನೆಗಡಿ. ಆದರೆ ಅವತ್ತಿನಿಂದ ಕವಲಿನ ಹೊರಗೋಡೆ ನನ್ನ ತಲೆಯಿಂದ ಹೋಗಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಈಗ ಬಸಪ್ಪ. ಬಾಗಲಕೋಟೆ ಕಡೆಯವನು. ವಾಸ್ಕೋದಲ್ಲಿ ಪೈಲಟ್. ಗೋವಾದ ಹೊರಗಿನವರಿಗೆ ಹೇಳಬೇಕು, ಇದು ವಿಮಾನದ ಪೈಲಟ್ ಅಲ್ಲ. ಹಳದಿ ಮಡ್‌ಗಾರ್ಡಿನ ಮೋಟರ್‌ಸೈಕಲ್ಲಿನ ಹಿಂದೆ ಒಬ್ಬರನ್ನು ಕೂಡಿಸಿಕೊಂಡು ಬಾಡಿಗೆಗೆ ಹೊಡೆಯುವವನು. ಬಸಪ್ಪನ ಗಾಡಿ ಮುದಿಯಾದದ್ದು. ಹತ್ತಾರು ಸಲ ಕಿಕ್ ಹೊಡೆಯದೆ ಚಾಲೂ ಆಗುತ್ತಿರಲಿಲ್ಲ. ಕಿಕ್ ಹೊಡೆಯುವಾಗ ಬಲಗಾಲಿನ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಳ್ಳುತ್ತದೆ, ಸ್ವಲ್ಪ ನಿಂತರೆ ಬಿಡುತ್ತದೆ ಎಂಬುದು ಅವನ ದೂರು.

ಕಾಲಿನ ನಾಳ ಕಟ್ಟಿದವರಿಗೆ ಕೇಳುವ ಪ್ರಶ್ನೆ ಒಂದೇ. ಪುಸ್ತಕದಲ್ಲೂ ಅದೇ, ನಮ್ಮ ಕಾಗದದಲ್ಲೂ ಅದೇ ಅಚ್ಚಾಗಿತ್ತು: ಎಷ್ಟು ದೂರ ನಡೆದರೆ ನೋವು ಬರುತ್ತದೆ?

‘ನಡದ್ರ ನೋವು ಬರೂದಿಲ್ರೀ ಬಾಯಾರ,’ ಎಂದ ಬಸಪ್ಪ.

ನಡೆದರೆ ನೋವಿಲ್ಲ ಎಂದು ಬರೆದುಕೊಂಡೆ. ಮಂಚದ ಮೇಲೆ ಮಲಗಿಸಿ ಕಣಕಾಲಿನ ಒತ್ತಡ ಅಳೆದೆ. ತೋಳಿನದಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಅಂಥದ್ದು ಎಷ್ಟೋ ಜನರಿಗೆ ಇರುತ್ತದೆ. ಹೊಸ ವೈದ್ಯರು ನೋಡಿ ಸೊಂಟದ ನರ ಎಂದರು. ಡಾಕ್ಟರ್ ಕುಲಾಸೊ ಕಾಗದ ನೋಡಿ ತಲೆಯಾಡಿಸಿದರು. ಮುಲಾಮು ಕೊಟ್ಟು ಕಳಿಸಿದೆವು.

ಮುಂದಿನ ತಿಂಗಳು ಬಂದ. ಮತ್ತೆ ಅದೇ ದೂರು, ಅದೇ ಪ್ರಶ್ನೆ, ಅದೇ ಉತ್ತರ, ಸೊಂಟಕ್ಕೊಂದು ಪಟ್ಟಿ. ಮೂರನೆಯ ಸಲ ಬಂದಾಗ ನನಗೆ ತಡೆಯಲಾಗಲಿಲ್ಲ. ಬೆಂಚಿನ ತುಂಬ ಜನ, ಇವನೊಬ್ಬ ಬೀಡಿ ವಾಸನೆ ಹೊಡೆಯುತ್ತ ನಗುತ್ತ ಕುಳಿತಿದ್ದಾನೆ.

‘ಬಸಪ್ಪಾ, ನಡದ್ರ ನೋವಿಲ್ಲ ಅಂತಿ, ಮತ್ತ ಯಾಕ ಬರ್ತೀಯೋ?’

‘ನಾ ನಡಿಯೂದ ಇಲ್ಲಲ್ರಿ.’

‘ಅಂದ್ರ?’

‘ಪೈಲಟ್ ಯಾಕ ನಡೀತಾನ್ರಿ? ಮನಿ ಬಾಗಲಾಗ ಗಾಡಿ ಹತ್ತತೇನಿ, ಸ್ಟ್ಯಾಂಡಿನ್ಯಾಗ ಇಳೀತೇನಿ. ಚಾದಂಗಡಿಗೂ ಗಾಡಿ ಮ್ಯಾಲೇ ಹೋಗತೇನಿ. ನಡದು ಎಷ್ಟು ವರ್ಷ ಆತೋ ಏನೋ.’

ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ನಡೆದರೆ ನೋವಿಲ್ಲ ಎಂಬುದಕ್ಕೂ, ನಡೆಯುವುದೇ ಇಲ್ಲ ಎಂಬುದಕ್ಕೂ ಇರುವ ಅಂತರ ಮೂರು ತಿಂಗಳು ನಮ್ಮ ಯಾರ ತಲೆಗೂ ಹೋಗಿರಲಿಲ್ಲ. ಮಲಗಿದ ಕಾಲಿಗೆ ಹೆಚ್ಚು ರಕ್ತ ಬೇಕಾಗಿಲ್ಲ, ಇಕ್ಕಟ್ಟಿನ ದಾರಿಯಲ್ಲೂ ಸಾಕಾಗುವಷ್ಟು ಬರುತ್ತದೆ. ದುಡಿಸಿದಾಗ ಮಾತ್ರ ಸಾಲುವುದಿಲ್ಲ. ಉಳಿದವರ ಕಾಲು ನಡೆದು ದುಡಿಯುತ್ತದೆ, ಇವನದು ಒದ್ದು ದುಡಿಯುತ್ತದೆ. ಡಾಕ್ಟರ ಹತ್ತಿರ ಹೋಗಿ ಹೇಳಿದೆ.

‘ಹಂಗಾದ್ರ ಅವನ್ನ ವರಾಂಡಾದಾಗ ನಡಿಸಿ ಅಳೀರಿ,’ ಎಂದರು.

ನಡೆಸಿದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಯಾರ ಜೊತೆಗಾದರೂ ಮಾತಿಗಿಳಿಯುತ್ತಿದ್ದ. ನಡಿಗೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಕಾಲು ದುಡಿಯಲೇ ಇಲ್ಲ, ಒತ್ತಡ ಮೊದಲಿನ ಹಾಗೆಯೇ. ನಾನು ವಾಪಸು ಹೋಗಿ, ‘ಸರ್, ನನ್ನ ಕೈಲೆ ಆಗೂದಿಲ್ಲ. ಅವನ ಗಾಡಿನ್ನ ಒಳಗ ತರಿಸ್ರಿ, ಇಲ್ಲೇ ಒದೀಲಿ,’ ಎಂದೆ. ಸಿಟ್ಟಿನಲ್ಲಿ ಆಡಿದ ಮಾತು. ಡಾಕ್ಟರು ಅದನ್ನು ಅಕ್ಷರಶಃ ತೆಗೆದುಕೊಂಡರು.

ಅರ್ಧ ಗಂಟೆಯಲ್ಲಿ ಹಳದಿ ಮಡ್‌ಗಾರ್ಡಿನ ಗಾಡಿ ಗಾಲಿಕುರ್ಚಿಯ ಇಳಿಜಾರು ಹತ್ತಿ ನಮ್ಮ ವಿಭಾಗದ ಬಾಗಿಲಿಗೆ ಬಂತು. ಕಾವಲುಗಾರ ಹಿಂದೆಯೇ ಓಡಿ ಬಂದ. ಆಡಳಿತ ಕಚೇರಿಯವರು ಬಂದು, ಇದಕ್ಕೆ ಯಾರ ಅನುಮತಿ ಎಂದು ಕೇಳಿದರು. ಡಾಕ್ಟರು, ಇದು ಉಪಕರಣ ಎಂದರು. ಬಸಪ್ಪ ಪ್ಲಗ್ಗಿನ ತಂತಿ ಕಿತ್ತಿಟ್ಟ, ಇಲ್ಲದಿದ್ದರೆ ಗಾಡಿ ಚಾಲೂ ಆಗಿ ಕಾಲಿನ ಕೆಲಸ ಅಲ್ಲಿಗೇ ಮುಗಿಯುತ್ತದೆ ಎಂದು ಅವನಿಗೇ ಹೊಳೆಯಿತು. ಆಮೇಲೆ ಕಿಕ್ ಹೊಡೆಯತೊಡಗಿದ. ಬೆಂಚಿನಲ್ಲಿದ್ದ ರೋಗಿಗಳೆಲ್ಲ ಎದ್ದು ಬಂದು ಸುತ್ತ ನಿಂತರು. ಹೊಡೆಯುತ್ತ ಹೊಡೆಯುತ್ತ ಅವನ ನಗು ಹೋಯಿತು. ಸೀಟು ಹಿಡಿದು ಬಗ್ಗಿ ಮೀನಖಂಡ ತಿಕ್ಕಿಕೊಂಡ.

‘ಬಂತ್ರಿ. ಹಿಡೀತು.’

ತಕ್ಷಣ ಮಂಚಕ್ಕೆ ಎಳೆದುಕೊಂಡು ಹೋಗಿ ಪಟ್ಟಿ ಕಟ್ಟಿದೆ. ಬಲ ಕಣಕಾಲಿನ ಒತ್ತಡ ಅರ್ಧಕ್ಕೆ ಕುಸಿದಿತ್ತು. ತೊಡೆಸಂದಿಯಲ್ಲಿ, ನಾಳ ಎರಡಾಗುವ ಜಾಗದಲ್ಲಿ ಪೆನ್ನು ಇಟ್ಟರೆ ಸೀಟಿಯಂಥ ಕರ್ಕಶ ಶಬ್ದ. ಮುಂದಿನ ವಾರ ನಾಳಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆದರು. ಕವಲಿನ ಹೊರಗೋಡೆಗೆ ಜಿಡ್ಡು ದಪ್ಪಗೆ ಕಟ್ಟಿತ್ತು, ಗಟಾರದಲ್ಲಿ ಬೀಡಿ ತುಂಡುಗಳು ಕುಳಿತಿದ್ದ ಅದೇ ದಂಡೆಯಲ್ಲಿ.

ಬಸಪ್ಪ ಚಿತ್ರ ನೋಡಲಿಲ್ಲ. ‘ಕಾಲು ತಗೀತೀರೇನ್ರಿ?’ ಎಂದು ಕೇಳಿದ. ಆ ಬೆಂಚಿನಲ್ಲಿ ಕುಳಿತು ಖಾಲಿ ಪೈಜಾಮ ನೋಡಿದ ದಿನದಿಂದ ಅವನ ತಲೆಯಲ್ಲಿ ಇದ್ದದ್ದು ಅದೊಂದೇ. ಆ ಕಾಲು ಹೋದರೆ ಗಾಡಿ ಹೋಯಿತು, ಗಾಡಿ ಹೋದರೆ ಮನೆಯವರ ಊಟ ಹೋಯಿತು.

‘ಬೀಡಿ ಇವತ್ತ ಬಿಡಬೇಕು. ದಿನಾ ನಡೀಬೇಕು. ನೋವು ಬರೂತನ ನಡಿ, ನಿಲ್ಲು, ಮತ್ತ ನಡಿ,’ ಎಂದರು ಡಾಕ್ಟರು. ‘ಇಷ್ಟು ಮಾಡಿದ್ರ ಕಾಲು ಉಳೀತೈತಿ ಅಂತ ನನಗ ಅನಸ್ತೈತಿ. ಮಾಡಲಿಲ್ಲಂದ್ರ ಒಂದಿನ ಬೆರಳಿಗೆ ಗಾಯ ಆಗತೈತಿ, ಅದು ಮಾಯೂದಿಲ್ಲ. ಆಮ್ಯಾಲಿಂದು ನೀನ ನೋಡೀದಿ.’

ಬೀಡಿ ಬಿಟ್ಟ. ಬಿಟ್ಟು ಸುಣ್ಣ ತಂಬಾಕು ಬಾಯಿಗೆ ಹಾಕಿಕೊಂಡ. ಎರಡೂ ಒಂದೇ ಅಲ್ಲವೇನೋ ಎಂದು ನಾನು ಉಗಿದದ್ದಕ್ಕೆ ಅದನ್ನೂ ಬಿಟ್ಟ. ಆ ದಿನಗಳಲ್ಲಿ ಅವನ ಬಾಯಿಂದ ಬಂದ ಬೈಗುಳ ಬರೆಯುವ ಹಾಗಿಲ್ಲ. ಆದರೆ ಬಿಟ್ಟದ್ದು ಖರೇ. ಇಷ್ಟು ಕಷ್ಟದ್ದು ಮಾಡಿದವನು ನಡೆಯುವುದೊಂದನ್ನು ಮಾತ್ರ ಮಾಡಲಿಲ್ಲ. ಪ್ರತಿ ಸಲ ಬಂದಾಗ, ‘ಆಗವಲ್ದರಿ,’ ಎಂದು ತಲೆ ತಗ್ಗಿಸುತ್ತಿದ್ದ.

‘ಬೀಡಿ ಬಿಟ್ಟಿ, ನಡಿಯಾಕ ಏನೋ ಧಾಡಿ ನಿನಗ?’

‘ನಾ ನಡೀಬೇಕಂತೀನ್ರಿ. ಬಿಡವಲ್ರು.’

‘ಯಾರು?’

‘ಪೈಲಟ್ ಮಂದಿ.’

ಅವನು ವಿವರಿಸಿದ ಮೇಲೆ ತಿಳಿಯಿತು. ವಾಸ್ಕೋದ ಪೈಲಟ್‌ಗಳಲ್ಲಿ ಒಂದು ಪದ್ಧತಿ. ಪೈಲಟ್ ಒಬ್ಬ ರಸ್ತೆಯಲ್ಲಿ ನಡೆದು ಹೊರಟಿದ್ದಾನೆ ಎಂದರೆ ಗಾಡಿ ಕೆಟ್ಟಿರಬೇಕು, ಇಲ್ಲವೇ ಪೊಲೀಸರು ಹಿಡಿದಿರಬೇಕು. ಅಂಥವನನ್ನು ನೋಡಿಯೂ ಮುಂದೆ ಹೋಗುವುದು ಮರ್ಯಾದೆಯಲ್ಲ. ಬಸಪ್ಪ ಮನೆಯಿಂದ ಹೊರಟು ಮೂಲೆ ತಿರುಗುವುದರೊಳಗೆ ಯಾರಾದರೂ ಬಂದು ನಿಲ್ಲಿಸಿ, ಹತ್ತು ಎನ್ನುತ್ತಿದ್ದರು. ಬೇಡ ಎಂದರೆ ಏನು ಸಿಟ್ಟು ಎಂದು ಕೇಳುತ್ತಿದ್ದರು. ಹತ್ತಿಸಿಕೊಂಡು ಸ್ಟ್ಯಾಂಡಿಗೆ ತಂದು ಬಿಡುತ್ತಿದ್ದರು. ಅವನ ಕಾಲನ್ನು ಪ್ರೀತಿಯಿಂದಲೇ ಮುಗಿಸುತ್ತಿದ್ದರು.

ನಾನು ಆಗ ವಾಸ್ಕೋದಲ್ಲೇ ಇದ್ದೆ. ಭಾನುವಾರ ಬೆಳಿಗ್ಗೆ ಸೀದಾ ಪೈಲಟ್ ಸ್ಟ್ಯಾಂಡಿಗೆ ಹೋದೆ. ಹಳದಿ ಮಡ್‌ಗಾರ್ಡುಗಳ ಸಾಲು. ನಾಲ್ಕೈದು ಜನ ಒಟ್ಟಿಗೆ, ಎಲ್ಲಿಗ್ರಿ, ಎಲ್ಲಿಗ್ರಿ ಎಂದರು. ಎಲ್ಲಿಗೂ ಇಲ್ಲ, ನಿಮಗೆ ಬೈಯಲು ಬಂದಿದ್ದೇನೆ ಎಂದೆ. ಬಸಪ್ಪನ ಕಾಲಿನ ಕಥೆ ಹೇಳಿದೆ. ಅವನನ್ನು ಹಿಂದೆ ಕೂಡಿಸಿಕೊಂಡಷ್ಟು ಸಲ ನೀವೇ ಅವನ ಕಾಲು ಕತ್ತರಿಸುತ್ತಿದ್ದೀರಿ ಎಂದೆ.

ಸ್ಟ್ಯಾಂಡಿನ ಹಿರಿಯ ಅಂತೋನ್, ಗೋವಾದವನೇ, ‘ತೊ ಚಲ್ತಲೊ, ಆಮಿ ಪಳೆತ್ ಬಸ್ತಲೆ?’ ಎಂದ. ಅವನು ನಡೆಯುವುದು, ನಾವು ನೋಡುತ್ತ ಕೂಡ್ರುವುದೇ ಎಂದು. ಅವನ ಮುಖ ನೋಡಿದರೆ ನಾನೇ ಏನೋ ಅಸಹ್ಯದ್ದು ಹೇಳಿಬಿಟ್ಟೆ ಅನ್ನಿಸುವಂತಿತ್ತು. ನಮ್ಮ ಕಡೆಯ ಇನ್ನೊಬ್ಬ, ‘ನಮ್ಮಂವ ಬಿಸಲಾಗ ನಡಕೋಂತ ಹೊಂಟ್ರ ನಮಗ ಗಾಡಿ ಹೊಡಿಯಾಕ ಮನಸ ಬರ್ತೈತೇನ್ರಿ?’ ಎಂದ. ನಾನು ಗಂಟಲು ಹರಿಯುವಷ್ಟು ವಾದ ಮಾಡಿದೆ. ಕೊನೆಗೆ, ಹತ್ತಿಸಿಕೊಳ್ಳುವುದಿಲ್ಲ ಎಂದು ಮಾತು ಕೊಟ್ಟರು.

ಮಾತು ಉಳಿಸಿಕೊಂಡರು, ತಮ್ಮದೇ ರೀತಿಯಲ್ಲಿ. ಮಾರನೆಯ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ರಸ್ತೆಯಲ್ಲಿ ಹಾರ್ನುಗಳ ಗಲಾಟೆ. ನೋಡಿದರೆ ಬಸಪ್ಪ ನಡೆಯುತ್ತಿದ್ದಾನೆ. ಅವನ ಎಡಕ್ಕೊಂದು ಗಾಡಿ, ಬಲಕ್ಕೊಂದು, ಹಿಂದೆ ಎರಡು, ಎಲ್ಲ ಮೊದಲ ಗೇರಿನಲ್ಲಿ ಗುರುಗುಟ್ಟುತ್ತ ಅವನ ನಡಿಗೆಯ ವೇಗಕ್ಕೇ ಬರುತ್ತಿವೆ. ಹಿಂದೆ ನನ್ನ ಬಸ್ಸು ಸಿಕ್ಕಿಕೊಂಡಿದೆ. ಟ್ರಾಫಿಕ್ ಪೊಲೀಸ, ಇದೇನು ಮೆರವಣಿಗೆ ಎಂದು ಕೂಗಾಡುತ್ತಿದ್ದಾನೆ. ಬಸಪ್ಪ ನೋವು ಬಂದು ನಿಂತರೆ ಎಲ್ಲ ಗಾಡಿಗಳೂ ನಿಲ್ಲುತ್ತಿದ್ದವು. ಅಂತೋನ್ ನನ್ನನ್ನು ಕಂಡು, ಹತ್ತಿಸಿಕೊಂಡಿಲ್ಲ ನೋಡಿ ಎಂಬಂತೆ ಎರಡೂ ಕೈ ಎತ್ತಿ ತೋರಿಸಿದ.

ಆಮೇಲೆ ಪೊಲೀಸರ ಕಾಟಕ್ಕೆ ಒಬ್ಬೊಬ್ಬರಾಗಿ ಸರದಿ ಹಾಕಿಕೊಂಡರು. ಯಾರಿಗೆ ಬಾಡಿಗೆ ಇಲ್ಲವೋ ಅವನು ಬಸಪ್ಪನ ಬಾಜೂಗೆ ಮಾತಾಡುತ್ತ ಗಾಡಿ ಹೊಡೆಯುವುದು. ಪೆಟ್ರೋಲು ಸುಟ್ಟು ಒಬ್ಬ ಮನುಷ್ಯನನ್ನು ನಡೆಸಿದ ಊರು ಇನ್ನೊಂದು ಇರಲಾರದು.

ಕೆಲವು ತಿಂಗಳ ನಂತರ ಗಾಡಿ ಮತ್ತೆ ಇಳಿಜಾರು ಹತ್ತಿತು. ಈ ಸಲ ಕಾವಲುಗಾರನೇ ತಳ್ಳಿದ. ಬಸಪ್ಪ ಹೊಡೆದ, ಹೊಡೆದ, ಮೊದಲಿನ ಎರಡರಷ್ಟು ಹೊಡೆದ ಮೇಲೆ ನೋವು ಬಂತು. ಮಲಗಿಸಿ ನೋಡಿದರೆ ಒತ್ತಡ ಈಗಲೂ ಇಳಿದಿದೆ, ಮೊದಲಿಗಿಂತ ಕಡಿಮೆ ಇಳಿದಿದೆ, ಆದರೂ ಇಳಿದಿದೆ. ತೊಡೆಸಂದಿಯ ಸೀಟಿ ಹಾಗೆಯೇ ಇದೆ. ನನಗೆ ರೇಗಿತು. ಇಷ್ಟೆಲ್ಲ ಒದ್ದಾಡಿ ಆದದ್ದೇನು?

‘ಸರ್, ಕಟ್ಟಿದ್ದು ಕಟ್ಟಿದಂಗ ಐತಿ,’ ಎಂದೆ.

‘ಇರಲಿ. ಬರ್ರಿ ಹೊರಗ.’

ಮತ್ತೆ ಗಟಾರ. ಮತ್ತೆ ನನ್ನ ಸೀರೆ. ಮಳೆಗಾಲ ಮುಗಿಯುತ್ತ ಬಂದಿತ್ತು. ಕವಲಿನ ಒಂದು ಬಾಯಿ ಕಸದಿಂದ ಅರ್ಧ ಮುಚ್ಚಿತ್ತು. ಅದಕ್ಕೂ ಸ್ವಲ್ಪ ಹಿಂದೆ, ಸಿಮೆಂಟು ಇಲ್ಲದ ದಂಡೆಯ ಮಣ್ಣಿನಲ್ಲಿ ಬೆರಳಗಲದ ಒಂದು ಬಿರುಕು ಇತ್ತಂತೆ, ಹಿಂದಿನ ವರ್ಷದ ಜೂನಿನಲ್ಲಿ ಅವರು ನೋಡಿದ್ದರಂತೆ. ಈಗ ಅದರಲ್ಲಿ ಅಂಗೈ ಇಡಬಹುದಿತ್ತು. ನೀರು ಅದರೊಳಗೆ ರಭಸದಿಂದ ನುಗ್ಗಿ, ಮುಚ್ಚಿದ ಬಾಯಿಯನ್ನು ಬಳಸಿ, ಮುಂದೆ ಅದೇ ಕಾಲುವೆಗೆ ಹೋಗಿ ಬೀಳುತ್ತಿತ್ತು.

‘ಇದು ಮಣ್ಣು, ಕೊರೀತು. ನಾಳದ ಗೋಡಿ ಜೀವಂತದ್ದು, ಅದು ತಾನ ಬೆಳೀತೈತಿ. ಅಂವ ನಡದಾಗೆಲ್ಲಾ ಸಣ್ಣ ಸಣ್ಣ ಕವಲಿನ್ಯಾಗ ರಕ್ತ ಜೋರು ಹೊಕ್ಕು ಗೋಡಿ ಉಜ್ಜತೈತಿ. ಉಜ್ಜಿಸಿಕೊಂಡಷ್ಟು ಅದು ಅಗಲ ಆಗತೈತಿ. ನಿಧಾನ ಹರದಲ್ಲಿ ಜಿಡ್ಡು, ಜೋರು ಹರದಲ್ಲಿ ದಾರಿ. ಕಟ್ಟಿದ್ದು ಅಲ್ಲೇ ಇರಲಿ. ನೀರು ಮುಂದ ಮುಟ್ಟತೈತೋ ಇಲ್ಲೋ, ಅಷ್ಟ ನೋಡ್ರಿ.’

ನೋಡಿದೆ. ಮುಟ್ಟುತ್ತಿತ್ತು. ಆದರೂ ಇದನ್ನು ಒಣಗಿದ ಜಾಗದಲ್ಲಿ ನಿಂತು ಹೇಳಬಹುದಿತ್ತು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ನಡೆಯುವುದು ಬಿಡಬೇಡ, ಆರು ತಿಂಗಳಿಗೊಮ್ಮೆ ಬಾ ಎಂದು ಹೇಳಿ ಕಳಿಸಿದೆವು. ಅವನು ಬರಲಿಲ್ಲ. ಈ ಕೆಲಸಕ್ಕೆ ಸೇರುವವರು ಇದಕ್ಕೆ ತಯಾರಿರಬೇಕು. ಗುಣವಾದವನು ಬರುವುದಿಲ್ಲ. ಬೇರೆ ಎಲ್ಲೋ ಹೋಗಿ ಕಾಲು ಕಳೆದುಕೊಂಡವನೂ ಬರುವುದಿಲ್ಲ. ನಮ್ಮ ಬೆಂಚಿನಿಂದ ನೋಡಿದರೆ ಎರಡೂ ಒಂದೇ. ಒಮ್ಮೆ ಸ್ಟ್ಯಾಂಡಿನಲ್ಲಿ ವಿಚಾರಿಸಿದಾಗ, ಅವನ ಅಣ್ಣ ತೀರಿಕೊಂಡ, ಊರಿಗೆ ಹೋಗಿದ್ದಾನೆ ಎಂದರು. ಗಾಡಿ ತೆಗೆದುಕೊಂಡು ಹೋಗಿದ್ದಾನೆಯೇ, ಮಾರಿದನೇ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಕಾಲಿನ ವಿಷಯ ಕೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ನಮ್ಮವರ ಬಂದರಿನ ನೌಕರಿ ಮುಗಿದು, ನಾವು ಕ್ವಾರ್ಟರ್ಸ್ ಬಿಟ್ಟು ಮಡಗಾಂವಕ್ಕೆ ಬಂದೆವು.

ತೊಂಬತ್ತರ ದಶಕದಲ್ಲಿ ಬಣ್ಣದ ಮಷೀನು ಬಂತು. ಅದಕ್ಕೆ ಹೂವಿನ ಹಾರ, ಎಸಿ ಕೋಣೆ, ಚಪ್ಪಲಿ ಹೊರಗೆ ಬಿಡಬೇಕೆಂಬ ಬೋರ್ಡು. ಮೊದಲ ಬೇಸಿಗೆಯಲ್ಲೇ ಎಸಿ ಕೆಟ್ಟು, ಮಷೀನಿಗೆ ಮೂರು ಟೇಬಲ್ ಫ್ಯಾನು ಹಚ್ಚಿದೆವು, ರೋಗಿಗೆ ಒಂದೂ ಇರಲಿಲ್ಲ. ಪರದೆಯ ಮೇಲೆ ಪೆನ್ನಿನ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ಹೊಸದಾಗಿ ಬಂದವರು ನೀಲಿ ಕಂಡ ಕೂಡಲೇ ಅಶುದ್ಧ ರಕ್ತ ಎಂದು ಬರೆಯುತ್ತಿದ್ದರು. ಹಿಡಿದ ಕೈ ತಿರುಗಿಸಿದರೆ ಬಣ್ಣ ಅದಲುಬದಲಾಗುತ್ತದೆ ಎಂದು ಎಷ್ಟು ಸಲ ಹೇಳಿದರೂ ಕಣ್ಣಿಗೆ ಕಂಡದ್ದೇ ವೇದ. ಒಬ್ಬಳು ಕುತ್ತಿಗೆಯ ಕವಲಿನ ಹೊರಗೋಡೆಯಲ್ಲಿ ಕೆಂಪಿನ ನಡುವೆ ಚೂರು ನೀಲಿ ಕಂಡು, ನಾಳ ತೂತಾಗಿದೆ ಎಂದು ವಾರ್ಡಿಗೆಲ್ಲ ಫೋನು ಮಾಡಿದಳು. ಡಾಕ್ಟರ್ ಕುಲಾಸೊ ಆಗ ನಿವೃತ್ತರು. ಏನೋ ಕೆಲಸಕ್ಕೆ ಬಂದವರು ಪರದೆಯ ಮುಂದೆ ನಿಂತರು. ಆ ನೀಲಿ ಚೂರು, ಪ್ರತಿ ಬಡಿತಕ್ಕೂ ಹೊರಗೋಡೆಯ ಬಳಿ ಹಿಂದಕ್ಕೆ ತಿರುಗಿ ಸುತ್ತುವ ರಕ್ತ. ಬಹಳ ಹೊತ್ತು ನೋಡಿ, ‘ನಮ್ಮ ಗಟಾರ,’ ಎಂದು ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿದ್ದವು. ಅಷ್ಟು ವರ್ಷ ಅವರು ಅದನ್ನು ಕಣ್ಣಿಂದ ಕಂಡಿರಲೇ ಇಲ್ಲ ಎಂದು ನನಗೆ ಆಗ ಹೊಳೆಯಿತು.

ನಾನು ನಿವೃತ್ತಳಾದ ಮರುವರ್ಷ, ಹಳೆಯ ನೆರೆಯವರನ್ನು ನೋಡಲು ವಾಸ್ಕೋಗೆ ಹೋದೆ. ಕೈಯಲ್ಲಿ ಭಾರದ ಚೀಲ, ಮೇಲೆ ಬಿಸಿಲು. ಅವರ ಮನೆ ಬಸ್ ನಿಲ್ದಾಣದಿಂದ ದೂರವೇನಲ್ಲ, ಆದರೆ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದ್ದವು. ಪೈಲಟ್ ಸ್ಟ್ಯಾಂಡಿಗೆ ಹೋಗಿ ಎದುರಿಗಿದ್ದ ಗಾಡಿಯ ಸೀಟಿನ ಮೇಲೆ ಕೈ ಇಟ್ಟೆ.

‘ಎಲ್ಲಿಗ್ರಿ ಬಾಯಾರ?’

ದನಿ ಕೇಳಿ ತಲೆ ಎತ್ತಿದೆ. ಕೂದಲು ಬೆಳ್ಳಗಾಗಿತ್ತು. ಗಾಡಿ ಅದೇ. ಅವನು ಗಾಡಿಯ ಮೇಲೆ ಕುಳಿತಿದ್ದ, ಬಲಗಾಲು ಆ ಬದಿಗಿತ್ತು, ನನಗೆ ಕಾಣಲಿಲ್ಲ.

‘ಬಸಪ್ಪಾ, ಎಲ್ಲಿ ಸತ್ತಿದ್ಯೋ ಇಷ್ಟು ವರ್ಷ?’

‘ಊರಾಗ ಹೊಲ ಮನಿ ವ್ಯವಹಾರರಿ. ಮುಗಿಸಿ ಬಂದು ಭಾಳ ದಿನ ಆತು. ನೀವ ಮನಿ ಬಿಟ್ಟು ಹೋಗೀರಿ ಅಂದ್ರು.’

‘ತಪಾಸಣಿಗೆ ಯಾಕ ಬರಲಿಲ್ಲ?’

‘ಆರಾಮ ಇದ್ದಂವ ದವಾಖಾನಿಗೆ ಯಾಕ ಬರ್ಲ್ರಿ?’

ಅವನ ಆರಾಮದ ಮೇಲೆ ನನಗೆ ನಂಬಿಕೆ ಇರಲಿಲ್ಲ. ನೆರೆಯವರ ಮನೆಯ ಗುರುತು ಹೇಳಿ ಹಿಂದೆ ಹತ್ತಲು ಹೋದೆ. ಅವನು ಚೀಲ ಮಾತ್ರ ತೆಗೆದುಕೊಂಡು ಟಾಂಕಿಯ ಮೇಲೆ ಇಟ್ಟುಕೊಂಡ.

‘ನೀವು ನಡೀರಿ. ನಾ ಬಾಜೂಕ ಬರ್ತೇನಿ.’

‘ಏನಂದಿ?’

‘ಇಷ್ಟ ದೂರಕ್ಕ ಯಾಕ ಗಾಡಿ? ನಡೀರಿ. ನೋವು ಬಂದ್ರ ನಿಲ್ರಿ, ನಾನೂ ನಿಂದರ್ತೇನಿ.’

ಸ್ಟ್ಯಾಂಡಿನಲ್ಲಿದ್ದ ಬೇರೆ ಪೈಲಟ್‌ಗಳನ್ನು ನೋಡಿದೆ. ಒಬ್ಬನೂ ನನ್ನನ್ನು ಹತ್ತಿಸಿಕೊಳ್ಳಲು ಮುಂದೆ ಬರಲಿಲ್ಲ. ಬೈಯುತ್ತ ನಡೆದೆ. ಅವನು ಮೊದಲ ಗೇರಿನಲ್ಲಿ ಗುರುಗುಟ್ಟುತ್ತ ಜೊತೆಗೆ ಬಂದ. ದಾರಿಯುದ್ದಕ್ಕೂ ಊರಿನ ಜೋಳ, ಮಗಳ ಬಾಣಂತನ, 
ಅಂತೋನ್ ತೀರಿಕೊಂಡದ್ದು ಎಲ್ಲ ಹೇಳಿದ. ಕಾಲಿನ ಮಾತು ಒಂದೂ ಇಲ್ಲ. ಎರಡು ಕಡೆ ನಾನು ನಿಂತೆ, ಅವನೂ ನಿಂತ.

ನೆರೆಯವರ ಗೇಟಿನ ಹತ್ತಿರ ಗಾಡಿ ಉಸಿರು ಬಿಟ್ಟಿತು. ಅಷ್ಟು ನಿಧಾನ ಹೊಡೆದರೆ ಬಿಡದೆ ಏನು. ಬಸಪ್ಪ ಇಳಿದು ನನಗೆ ಚೀಲ ಕೊಟ್ಟು, ಬಲಗಾಲು ಎತ್ತಿ ಕಿಕ್ ಹೊಡೆದ. ಚಾಲೂ ಆಗಲಿಲ್ಲ. ಮತ್ತೆ ಹೊಡೆದ. ನಾನು ಗೇಟು ತೆಗೆಯದೆ ನಿಂತೆ. ಅವನ ಮುಖ ನೋಡುತ್ತಿರಲಿಲ್ಲ, ಮೀನಖಂಡ ನೋಡುತ್ತಿದ್ದೆ. ಈಗ ನಗು ಹೋಗುತ್ತದೆ, ಈಗ ಸೀಟು ಹಿಡಿದು ಬಗ್ಗುತ್ತಾನೆ ಎಂದು ಕಾಯುತ್ತಿದ್ದೆ. ಅವನು ಗಾಡಿಯ ವಂಶವನ್ನೆಲ್ಲ ಬೈಯುತ್ತ ಹೊಡೆಯುತ್ತಲೇ ಇದ್ದ. ಆಸ್ಪತ್ರೆಯ ಬಾಗಿಲಲ್ಲಿ ಮೊದಲ ಸಲ ನೋವು ಬಂದು ನಿಂತ ಎಣಿಕೆ ದಾಟಿತು, ಅದರ ಎರಡರಷ್ಟೂ ದಾಟಿತು. ಅವನು ಬಗ್ಗಲಿಲ್ಲ. ಜೀವನವಿಡೀ ಕೆಟ್ಟ ಮಷೀನುಗಳಿಗೆ ಶಾಪ ಹಾಕಿದ ನಾನು, ಆ ಗಾಡಿ ಇನ್ನೂ ಸ್ವಲ್ಪ ಹೊತ್ತು ಕೆಟ್ಟೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಚಾಲೂ ಆಯಿತು. ಬಸಪ್ಪ ಬೆವರು ಒರೆಸಿಕೊಂಡು, ‘ಬರ್ತೇನ್ರಿ ಬಾಯಾರ,’ ಎಂದ.

‘ಆರಿಸು,’ ಎಂದೆ. ‘ಆರಿಸಿ ಇನ್ನೊಮ್ಮೆ ಹೊಡಿ.’

ಅವನು ನನ್ನ ಮುಖ ನೋಡಿದ. ಗಾಡಿ ಆರಿಸಿದ. ಕಾಲೆತ್ತಿದ.